ಅರ್ಧ ಗೇಟು

"ಆ ಕಡೆ ಹಿಡ್ಕೊಳಯ್ಯಾ, ಒಂದೇ ಸಲಕ್ಕೆ ಎತ್ತಿಬಿಡೋಣ" ಎನ್ನುತ್ತಲೇ ದೊಡ್ಡಪ್ಪ ಮೇಜಿನ ತಮ್ಮ ತುದಿಯನ್ನು ಎತ್ತಿಬಿಟ್ಟರು. ಮೇಜಿನ ಮೇಲಿದ್ದ ಬೆಟ್ಟ, ಕಾಡು, ನದಿ ಎಲ್ಲವೂ ಕಿಟಕಿಯ ಕಡೆಗೆ ವಾಲಿದವು. ಸೇತುವೆ ಕಾಯುತ್ತಿದ್ದ ಬೆರಳುದ್ದದ ಸೈನಿಕರಲ್ಲಿ ಕೆಲವರು ನದಿಗೆ ಬಿದ್ದರು, ಕೆಲವರು ನೆಲಕ್ಕೇ ಉದುರಿದರು.

"ಇಳಿಸಿ ದೊಡ್ಡಪ್ಪಾ! ಇಳಿಸಿ ಅಂದ್ನಲ್ಲ!" ಮಗಳು ಒಳಗಿನಿಂದ ಓಡಿಬಂದು ಎರಡೂ ತೋಳು ಚಾಚಿ, ಬೆಟ್ಟ ನದಿಗಳನ್ನು ಹೊತ್ತು ಜಾರುತ್ತಿದ್ದ ಹಲಗೆಯ ಚೌಕಗಳನ್ನು ಎದೆಯಿಂದ ತಡೆದಳು.

ಇನ್ನೊಂದು ತುದಿಯಲ್ಲಿ ನಿಂತಿದ್ದ ಬೇಕರಿಯವನು ಎತ್ತಲೂ ಇಲ್ಲ, ಬಿಡಲೂ ಇಲ್ಲ. ಸತ್ತುಹೋದ ಈ ಮನೆಯ ಯಜಮಾನರ ಜೊತೆ ಹದಿನೈದಿಪ್ಪತ್ತು ವರ್ಷ ಇದೇ ಮೇಜಿನ ಮೇಲೆ ಯುದ್ಧ ಮಾಡಿದ್ದವನು ಅವನು. "ನಾನು ಎತ್ತಿಲ್ಲಮ್ಮ, ಸುಮ್ನೆ ಮುಟ್ಟಿದ್ದೆ ಅಷ್ಟೆ" ಎಂದ.

ದೊಡ್ಡಪ್ಪ ಮೇಜನ್ನು ಇಳಿಸಿದರು, ಆದರೆ ಕೈ ತೆಗೆಯಲಿಲ್ಲ. "ಆಸ್ಪತ್ರೆಯಿಂದ ಹೊರಟಾಗಿದೆ. ಇನ್ನೇನು ಬಂದೇಬಿಡ್ತಾರೆ. ನನ್ನ ತಮ್ಮನ್ನ ಎಲ್ಲಿ ಮಲಗಿಸ್ತೀಯ, ಹೇಳು. ಈ ಆಟದ ಸಾಮಾನಿನ ಮೇಲಾ?"

"ಮಂಚ ಗೋಡೆ ಕಡೆ ಹಾಕೋಣ. ಮೇಜು ಕಿಟಕಿಗೆ ಒತ್ತರಿಸಿದ್ರೆ ಜಾಗ ಸಾಕು. ಟೇಪು ಹಿಡಿದು ಅಳೆದಿದ್ದೀನಿ."

"ಅಳೆದಿದ್ದಾಳಂತೆ! ಅಪ್ಪನ ಮಗಳೇ ಸರಿ." ದೊಡ್ಡಪ್ಪ ಹಾಗೆನ್ನುತ್ತ ಮೇಜಿನ ಮೂಲೆಗೆ ಕೈಯೂರಿದವರು ಚಟ್ಟನೆ ಹಿಂದಕ್ಕೆ ಎಳೆದುಕೊಂಡರು. "ಥೂ, ಇದೇನಿದು, ಚುಚ್ತಲ್ಲ!"

ಆ ಮೂಲೆಯಲ್ಲಿ ಒಂದು ಚೌಕದಷ್ಟು ಜಾಗ ಖಾಲಿ ಇತ್ತು. ಬರಿಯ ಮರದ ಹಲಗೆ. ಖಾಲಿ ಜಾಗದ ಪಕ್ಕದ ಚೌಕದಲ್ಲಿ, ಸರಿಯಾಗಿ ಅಂಚಿನ ಮೇಲೆ, ಬೆಂಕಿಕಡ್ಡಿಗಿಂತ ಸಣ್ಣ ಹಸಿರು ಕಡ್ಡಿಗಳ ಏನೋ ಒಂದು ಚೂರು ಸೆಟೆದುಕೊಂಡು ನಿಂತಿತ್ತು. ದೊಡ್ಡಪ್ಪ ಅದನ್ನು ಮುರಿದು ಬಿಸಾಡಲು ಎರಡು ಬೆರಳು ಚಾಚಿದರು. ಮಗಳು ಅವರ ಮುಂಗೈ ಹಿಡಿದಳು.

ಹಿರಿಯರ ಕೈಯನ್ನು ಹಾಗೆ ಹಿಡಿದದ್ದು ಅವಳ ಬದುಕಿನಲ್ಲೇ ಮೊದಲು.

"ಬಿಡೇ ಅವರ ಕೈನ." ತಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಬೆಳಗಿನಿಂದ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದ ಅವರ ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. "ತೆಗೆಸಿ ಭಾವ, ಎಲ್ಲಾ ತೆಗೆಸಿ. ಆ ಸಾಮ್ರಾಜ್ಯ ಕಟ್ಟಿ ಅವರು ಸುಖ ಪಟ್ಟಿದ್ದು ಸಾಕು."

"ಅಮ್ಮಾ, ಅಪ್ಪ ಹೇಳಿದ್ದು ನಿಂಗೂ ಗೊತ್ತು."

ಗೊತ್ತಿತ್ತು. ಆಸ್ಪತ್ರೆಯಲ್ಲಿ ಮೂಗಿನ ಕೊಳವೆಯನ್ನು ಪಕ್ಕಕ್ಕೆ ಸರಿಸಿ ಅವರು ಹೇಳಿದ್ದು ಎರಡೇ ಮಾತು. ಆ ಮೂಲೆ ಹಾಗೇ ಇರಲಿ. ಡ್ರಾಯಿಂಗ್ ಮಾಸ್ಟ್ರು ಬರಲಿ.

"ಆ ಮನುಷ್ಯ ಬರಲ್ಲ" ಎಂದರು ತಾಯಿ.

"ಫೋನ್ ಮಾಡಿದ್ದೆ."

ಅಡುಗೆಮನೆಯ ನಲ್ಲಿ ಹಾಗೇ ಸುರಿಯುತ್ತಿತ್ತು. ತಾಯಿ ಅದನ್ನು ನಿಲ್ಲಿಸಲು ಹೋಗಲಿಲ್ಲ. "ಏನಂದ್ರು?"

"ಏನೂ ಅನ್ನಲಿಲ್ಲ. ಕೇಳಿಸ್ಕೊಂಡ್ರು, ಇಟ್ಟುಬಿಟ್ರು."

"ನೋಡು, ಈಗ್ಲೇ ಹೇಳ್ತೀನಿ. ಆ ಮನುಷ್ಯ ಈ ಹೊಸ್ತಿಲು ದಾಟಿದ್ರೆ, ನಾನು ಮೆಟ್ಟಿಲಿಳಿದು ಹೋಗ್ತೀನಿ. ಯಾರು ಏನಾದ್ರೂ ಅಂದ್ಕೊಳ್ಲಿ."

ದೊಡ್ಡಪ್ಪ ರೈಲ್ವೆಯಲ್ಲಿ ಸ್ಟೇಷನ್ ನೋಡಿಕೊಂಡು ನಿವೃತ್ತರಾದವರು. ಜಗಳದ ನಡುವೆ ವೇಳಾಪಟ್ಟಿ ಹಾಕುವುದು ಅವರಿಗೆ ರೂಢಿಯಾಗಿತ್ತು. "ಆಯ್ತು. ಮೇಜು ಕಿಟಕಿಗೆ ಒತ್ತರಿಸಿ. ಆದ್ರೆ ಒಂದ್ ಮಾತು. ಮಧ್ಯಾಹ್ನ ಸ್ಮಶಾನದ ಗಾಡಿ ಬಂದಾಗ, ಸ್ಟ್ರೆಚರ್ ತಿರುಗಿಸೋಕೆ ಇಷ್ಟು ಜಾಗ ಸಾಲಲ್ಲ. ಕೆಳಗೆ ಹಾರ್ನ್ ಆದ ಮೇಲೆ ನಾನು ಯಾರ ಮಾತೂ ಕೇಳಲ್ಲ. ಎಲ್ಲಾ ಬಿಚ್ಚೋದೇ."

ಮಗಳು ನೆಲದಿಂದ ಸೈನಿಕರನ್ನು ಆರಿಸಿ ಸೇತುವೆಯ ಮೇಲೆ ನಿಲ್ಲಿಸತೊಡಗಿದಳು. ಬೇಕರಿಯವನು ಮೆಲ್ಲಗೆ, "ಆ ಕುದುರೆಯವನು ನನ್ನ ಕಡೆಯವನು ಕಣಮ್ಮ. ನದಿಯ ಈಚೆಗೆ ನಿಲ್ಸು" ಎಂದು ಹೇಳಿ, ಹೇಳಿದ್ದಕ್ಕೆ ತಾನೇ ನಾಚಿಕೊಂಡು ಮುಖ ಒರೆಸಿಕೊಂಡ.

*

ಸತ್ತವರು ಲಿಫ್ಟು ರಿಪೇರಿಯವರು, ಬಡಾವಣೆಗೆಲ್ಲ ಲಿಫ್ಟಣ್ಣ. ಕೈಯಲ್ಲಿ ಗ್ರೀಸು, ಜೇಬಿನಲ್ಲಿ ಟೇಪು. "ಲಿಫ್ಟು ಹತ್ತೋದು ಇಳಿಯೋದು ದೊಡ್ಡ ವಿಷಯ ಅಲ್ಲ ಕಣೇ. ನಿಲ್ಲಬೇಕಲ್ಲ, ಅದು ವಿಷಯ. ಲಿಫ್ಟಿನ ನೆಲ ಮಹಡಿಯ ನೆಲಕ್ಕಿಂತ ಒಂದು ಬೆರಳು ಮೇಲೆ ಕೆಳಗೆ ಆದ್ರೆ ಯಾರೋ ಮುದುಕಿ ಎಡವಿ ಬೀಳ್ತಾಳೆ" ಎಂದು ಮದುವೆಯಾದ ಹೊಸದರಲ್ಲೇ ಹೆಂಡತಿಗೆ ಪಾಠ ಹೇಳಿದ್ದರು.

ಡ್ರಾಯಿಂಗ್ ಮಾಸ್ಟ್ರು ಸಿಕ್ಕಿದ್ದೂ ಲಿಫ್ಟಿನಲ್ಲೇ. ಯಾವುದೋ ಕಚೇರಿಯ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಹೋಗಿ, ಒಳಗಿದ್ದ ಒಬ್ಬರೇ ಒಬ್ಬರು ಬೆವರಿ ಕುಸಿದು ಕುಳಿತಿದ್ದರು. ಇವರು ಮೇಲಿನ ಸಂದಿನಲ್ಲಿ ತಲೆ ಇಟ್ಟು, "ಗಾಬರಿ ಆಗಬೇಡಿ. ಬಾಗಿಲು ತೆಗೆಯೋ ತನಕ ಏನಾದ್ರೂ ಮಾತಾಡ್ತಾ ಇರಿ" ಎಂದರಂತೆ. ಒಳಗಿನವರಿಗೆ ಮಾತು ಹೊಳೆಯದೆ, ಚೀಲದಲ್ಲಿದ್ದ ತಗಡಿನ ಸೈನಿಕರ ಬಗ್ಗೆ ಹೇಳತೊಡಗಿದರು. ಬಾಗಿಲು ತೆರೆಯುವಷ್ಟರಲ್ಲಿ ಇವರಿಗೆ ಆಟದ ನಿಯಮ ಅರ್ಧ ಬಂದಿತ್ತು: ಟೇಪಿನಲ್ಲಿ ಅಳೆದು ಸೈನ್ಯ ನಡೆಸುವುದು, ದಾಳ ಉರುಳಿಸಿ ಸೋಲು ಗೆಲುವು ನೋಡುವುದು. ಟೇಪು ಅಂದಮೇಲೆ ಇವರನ್ನು ಹಿಡಿಯುವವರುಂಟೆ?

ಯುದ್ಧಕ್ಕೆ ಭೂಮಿ ಬೇಕಲ್ಲ. ಅಂಗಡಿಯಿಂದ ತರುವ ಬದಲು ತಾವೇ ಕಟ್ಟಿದರು. ಪ್ಲೈವುಡ್ಡಿನ ಚೌಕ, ಅದರ ಮೇಲೆ ಫ್ರಿಜ್ ಬಂದ ಪೆಟ್ಟಿಗೆಯ ಥರ್ಮಾಕೋಲ್ ಕೊಯ್ದು ಮಾಡಿದ ಬೆಟ್ಟ, ಗೋಡೆಗೆ ಬಳಿಯುವ ಪುಟ್ಟಿ, ಹಸಿರು ಬಣ್ಣದಲ್ಲಿ ನೆನೆಸಿ ಒಣಗಿಸಿದ ಮರದ ಹೊಟ್ಟಿನ ಹುಲ್ಲು. ನದಿಗೆ ವಾರ್ನಿಷ್, ಪದರದ ಮೇಲೆ ಪದರ. ಹೆಂಡತಿಯ ಟೀ ಸೋಸುವ ಜಾಲರಿ ಮರಳು ಸೋಸಲು ಹೋಯಿತು. "ನನ್ನ ಪಾತ್ರೆ ಉಜ್ಜೋ ನಾರೆಲ್ಲ ಇವರ ಕಾಡಾಯ್ತು, ಇನ್ನು ನನ್ನ ತಲೆಕೂದಲೊಂದು ಬಾಕಿ" ಎಂದು ಆಕೆ ಎದುರುಮನೆಯಾಕೆಯ ಹತ್ತಿರ ಹೇಳಿಕೊಂಡು ನಗುತ್ತಿದ್ದರು. ಬೈಯುತ್ತಲೇ, ಹಳೆಯ ನಾರು ಸವೆದಾಗ ತೊಳೆದು ಒಣಗಿಸಿ ಮೇಜಿನ ಮೇಲೆ ಇಟ್ಟೂ ಇಡುತ್ತಿದ್ದರು.

ಚೌಕಗಳನ್ನು ಆಟಗಾರರು ಹಂಚಿಕೊಂಡು ಅವರವರ ಮನೆಯಲ್ಲಿ ಇಟ್ಟುಕೊಳ್ಳಬೇಕೆಂಬುದು ಲಿಫ್ಟಣ್ಣನ ಯೋಚನೆ. ಬೇಕರಿಯವನಿಗೆ ಕಾಡು, ಮಾಸ್ಟ್ರಿಗೆ ಊರಿನ ಮೂಲೆ, ತಮ್ಮ ಹತ್ತಿರ ನದಿ, ಬೆಟ್ಟ. ಎಲ್ಲರೂ ಬಂದರೆ ಮಾತ್ರ ಭೂಮಿ ಪೂರ್ತಿ. ಒಬ್ಬನನ್ನು ಬಿಟ್ಟು ಆಡೋಣ ಎನ್ನುವಂತೆಯೇ ಇಲ್ಲ.

ಯಾವ ಚೌಕ ಯಾವುದರ ಪಕ್ಕ ಇಟ್ಟರೂ ಕೂಡಬೇಕು. ಅದಕ್ಕೊಂದು ನಿಯಮ. ನದಿ ಇರುವ ಚೌಕಗಳಲ್ಲಿ ಅದು ಅಂಚಿನ ನಟ್ಟನಡುವೆಯೇ ಹೊರಬೀಳಬೇಕು, ಅಂಚುಗಳೆಲ್ಲ ಒಂದೇ ಎತ್ತರ ಇರಬೇಕು, ಅಂಚಿನಿಂದ ಎರಡು ಬೆರಳು ಒಳಗೆ ಒಂದು ಹುಲ್ಲುಕಡ್ಡಿಯೂ ನಿಲ್ಲಬಾರದು. "ನಡುವೆ ಏನು ಬೇಕಾದ್ರೂ ಕಟ್ಕೊಳ್ಳಿ, ಅರಮನೆ ಬೇಕಾದ್ರೂ. ಅಂಚು ಮಾತ್ರ ನನ್ನದು" ಎನ್ನುತ್ತಿದ್ದರು. ಆಟದ ಮುಂಚೆ ಮಂಡಿಯೂರಿ, ಒಂದು ಕಣ್ಣು ಮುಚ್ಚಿ, ಮೇಜಿನ ಮಟ್ಟಕ್ಕೆ ತಲೆ ತಂದು ನೋಡುವುದು, ತಗ್ಗಿದ್ದ ಕಡೆ ರಟ್ಟಿನ ಚೂರು ಮಡಿಸಿ ತೂರಿಸುವುದು ಅವರ ಅಭ್ಯಾಸ. ಎದ್ದು ನಿಂತು "ಮುದುಕಿ ಎಡವಲ್ಲ" ಎಂದರೆ ಯುದ್ಧ ಶುರು.

*

ಸ್ಟ್ರೆಚರ್ ಲಿಫ್ಟಿನಲ್ಲಿ ಹಿಡಿಸಲಿಲ್ಲ. ಮೆಟ್ಟಿಲ ಮೇಲೇ ಹೊತ್ತು ತಂದರು. ಏದುಸಿರು ಬಿಡುತ್ತಿದ್ದ ಬೇಕರಿಯವನು, "ಲಿಫ್ಟಣ್ಣ ಈ ಕಟ್ಟಡದವರಿಗೆ ಬಡ್ಕೊಂಡ್ರು, ಲಿಫ್ಟಿನ ಡಬ್ಬಿ ಚಿಕ್ಕದಾಯ್ತು, ಮುಂದೆ ಯಾರನ್ನಾದ್ರೂ ಮಲಗಿಸಿ ಇಳಿಸಬೇಕಾದ್ರೆ ಏನ್ ಮಾಡ್ತೀರ ಅಂತ. ಈಗ ನೋಡಿ, ಇವರೇ ತೋರಿಸಿಕೊಟ್ರು" ಎಂದ. ಯಾರೋ ನಕ್ಕರು. ನಕ್ಕವರು ಕೂಡಲೇ ಕೆಮ್ಮಿದರು.

ಮಂಚದ ಮೇಲೆ ಬಿಳಿಯ ಹೊದಿಕೆ, ಅದರಾಚೆ ಒಂದು ಆಳು ದಾಟುವಷ್ಟು ದಾರಿ, ಅದರಾಚೆ ಬೆಟ್ಟ ನದಿಗಳ ಮೇಜು. ಬಂದವರು ಮುಖ ನೋಡಿ, ಹೂವಿಟ್ಟು, ತಿರುಗುವಾಗ ಅನಿವಾರ್ಯವಾಗಿ ಸೇತುವೆಯನ್ನೂ ಸೈನ್ಯವನ್ನೂ ನೋಡಬೇಕಾಗುತ್ತಿತ್ತು.

"ಇಷ್ಟು ವಯಸ್ಸಾದ ಮೇಲೂ ಗೊಂಬೆ ಇಟ್ಕೊಂಡು ಆಡ್ತಿದ್ರಾ?" ಎಂದು ದೂರದ ನೆಂಟರೊಬ್ಬರು ಪಿಸುಗುಟ್ಟಿದರು.

"ಕುಡಿತ ಇಲ್ಲ, ಇಸ್ಪೀಟಿಲ್ಲ. ನಿಮ್ಮನೆಯವರೂ ಗೊಂಬೆ ಆಡಿದ್ರೆ ಎಷ್ಟೋ ಚೆನ್ನಾಗಿತ್ತು ಅಲ್ವಾ?" ಎಂದರು ಎದುರುಮನೆಯಾಕೆ, ದನಿ ತಗ್ಗಿಸದೆ. ನೆಂಟರು ಕುರ್ಚಿ ಹುಡುಕಿಕೊಂಡು ಹೊರಗೆ ಹೋದರು.

ಪ್ರತಿ ಸಲ ಹೊರಗೆ ಲಿಫ್ಟು ನಿಂತ ಸದ್ದಾದಾಗಲೂ ಮಗಳು ತಲೆಯೆತ್ತುತ್ತಿದ್ದಳು. ಪ್ರತಿ ಸಲವೂ ಮಂಚದ ತಲೆದಿಂಬಿನ ಬಳಿ ಕುಳಿತಿದ್ದ ತಾಯಿಯ ಬೆನ್ನು ನೆಟ್ಟಗಾಗುತ್ತಿತ್ತು. ಬಂದವರು ಲಿಫ್ಟು ಕಂಪನಿಯ ಹುಡುಗರು, ಹಾಲಿನವನು, ಮತ್ತೆ ಯಾರೋ. ತಾಯಿಯ ಬೆನ್ನು ಮತ್ತೆ ಕುಸಿಯುತ್ತಿತ್ತು. ಅದು ನೆಮ್ಮದಿಯೋ ಬೇರೇನೋ ಮಗಳಿಗೆ ತಿಳಿಯಲಿಲ್ಲ.

"ಬರದೇ ಇದ್ರೆ ಬಿಡು" ಎಂದರು ಎದುರುಮನೆಯಾಕೆ, ಟೀ ಲೋಟವನ್ನು ತಾಯಿಯ ಕೈಗೆ ತುರುಕುತ್ತ. "ಅವರಿಗೂ ವಯಸ್ಸಾಯ್ತು."

"ಇವರಿಗೆ ವಯಸ್ಸಾಗಿರಲಿಲ್ವಾ, ಅಕ್ಕ, ಅವರ ಬಾಗಿಲಲ್ಲಿ ಹೋಗಿ ನಿಂತಾಗ?"

*

ಮಾಸ್ಟ್ರ ಹೆಂಡತಿ ಹಾಸಿಗೆ ಹಿಡಿದ ವರ್ಷ ಅದು. ಬೆಳಗಿನ ಹೊತ್ತು ಮಾತ್ರ ಆಕೆಯ ಕೈ ನಡುಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಗಂಡನ ಚೌಕವನ್ನು ತೊಡೆಯ ಮೇಲಿಟ್ಟುಕೊಂಡು ಊರಿನ ಮೂಲೆಯನ್ನು ತಿದ್ದುತ್ತಿದ್ದರಂತೆ. ಪುಟ್ಟ ಮನೆ, ಬಟ್ಟೆ ಒಣಗುವ ದಾರ, ಅಂಗಳ. ಕೊನೆಗೆ ಒಂದು ಗೇಟು. ಉಗುರು ಬಣ್ಣದ ಕುಂಚದಲ್ಲಿ ಗಿಳಿಹಸಿರು ಬಳಿದದ್ದು. ಆಕೆಗೆ ಅಂಚಿನ ನಿಯಮ ಗೊತ್ತಿರಲಿಲ್ಲ. ಗೇಟನ್ನು ಹೊರಕ್ಕೆ ತೆರೆದಿಟ್ಟಿದ್ದರು. ಅದರ ಅರ್ಧ, ಚೌಕದ ಆಚೆಗೆ ಚಾಚಿಕೊಂಡಿತ್ತು. ಮಾಸ್ಟ್ರು ಆಕೆಗೆ ನಿಯಮ ಹೇಳಲು ಹೋಗಲಿಲ್ಲ.

ಇದೆಲ್ಲ ಲಿಫ್ಟಣ್ಣನಿಗೆ ತಿಳಿದದ್ದು ಆಮೇಲೆ.

ಆಕೆ ತೀರಿಹೋಗಿ ಕೆಲವು ತಿಂಗಳಾದ ಮೇಲೆ, ಮೊದಲ ಸಲ ಆಟದ ದಿನ ನಿಗದಿಯಾಯಿತು. ಮಾಸ್ಟ್ರು ಹಿಂದಿನ ಸಂಜೆಯೇ ಚೌಕವನ್ನು ತಂದು ಕೊಟ್ಟು, ಕೂರದೆ ಹೋದರು. ಲಿಫ್ಟಣ್ಣ ಜೋಡಿಸಲು ನೋಡಿದರೆ ಕೂಡುತ್ತಿಲ್ಲ. ಏನೋ ಒಂದು ಹೊರಗೆ ಚಾಚಿದೆ. ಸಣ್ಣ ಗರಗಸ ತಂದರು, ಅಂಚಿನ ಗೆರೆಗೆ ಸರಿಯಾಗಿ ಕೊಯ್ದರು. ಚೌಕ ಪಟ್ಟನೆ ಕೂತಿತು. ಉದುರಿದ ಹೊಟ್ಟನ್ನೂ ಕೊಯ್ದ ಚೂರನ್ನೂ ಹೆಂಡತಿ ಗುಡಿಸಿ ಕಸಕ್ಕೆ ಹಾಕಿದರು. ಎಲ್ಲ ದಿನಗಳಂತೆ.

ಬೆಳಿಗ್ಗೆ ಮಾಸ್ಟ್ರು ಬಂದು ಮೇಜಿನ ಮುಂದೆ ನಿಂತರು. "ಇದನ್ನ ಯಾರು ಕೊಯ್ದಿದ್ದು?"

"ನಾನೇ. ಒಂದು ಬೆರಳು ಹೊರಗೆ ಬಂದಿತ್ತು. ನಿಯಮ ನಿಮಗೆ ಗೊತ್ತಿಲ್ವಾ ಮಾಸ್ಟ್ರೇ!" ಇವರ ದನಿಯಲ್ಲಿ ತಮಾಷೆಯಿತ್ತು, ಕೆಲಸ ಸರಿಹೋದ ಹೆಮ್ಮೆಯೂ ಇತ್ತು.

"ಅದು ಅವಳು ಮಾಡಿದ್ದು."

ಅಷ್ಟೇ. ಮಾಸ್ಟ್ರು ಚೌಕವನ್ನು ಎತ್ತಿ, ತಾವು ಸುತ್ತಿ ತಂದಿದ್ದ ಹಾಸಿಗೆಬಟ್ಟೆಯಲ್ಲೇ ಸುತ್ತಿ, ಹೊರಟುಹೋದರು.

ಲಿಫ್ಟಣ್ಣ ಕೆಳಗಿಳಿದು ಕಟ್ಟಡದ ಕಸದ ಡಬ್ಬಿಗಳನ್ನೆಲ್ಲ ಬಗ್ಗಿ ಹುಡುಕಿದರು. ಬಂದಾಗ ಅಂಗಿಯ ತೋಳು ಮೊಣಕೈವರೆಗೆ ನಾರುತ್ತಿತ್ತು. "ಸಿಕ್ತಾ?" ಎಂದು ಹೆಂಡತಿ ಕೇಳಿದ್ದಕ್ಕೆ ಉತ್ತರ ಕೊಡದೆ ಬಚ್ಚಲಿಗೆ ಹೋಗಿ ಕೈ ತೊಳೆದರು. ಸಿಕ್ಕಿಲ್ಲವೆಂದೇ ಆಕೆ ತಿಳಿದರು. ಗುಡಿಸಿದ ಕೈ ತನ್ನದಲ್ಲವೆ? ಮತ್ತೆ ಕೇಳುವ ಧೈರ್ಯ ಬರಲಿಲ್ಲ.

ಮೂರು ಸಲ ಮಾಸ್ಟ್ರ ಮನೆಗೆ ಹೋದರು. ಪ್ರತಿ ಸಲವೂ ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡೇ ಹೊರಡುತ್ತಿದ್ದರು, ಎದೆನೋವಿನವರ ಹಾಗೆ. ಬಾಗಿಲು ಒಮ್ಮೆಯೂ ತೆರೆಯಲಿಲ್ಲ. ಆಮೇಲೆ ಹೋಗುವುದನ್ನು ಬಿಟ್ಟರು. ಆ ಮೂಲೆಗೆ ಬೇರೆ ಚೌಕ ಮಾಡಲು ಒಂದು ಭಾನುವಾರ ಸಾಕಿತ್ತು, ಮಾಡಲಿಲ್ಲ. ಬೇಕರಿಯವನ ಜೊತೆ ಆಡುವಾಗ ಇಬ್ಬರ ಸೈನ್ಯಗಳೂ ಖಾಲಿ ಜಾಗವನ್ನು ಸುತ್ತಿ ಹೋಗುತ್ತಿದ್ದವು.

*

ಕೆಳಗೆ ಹಾರ್ನ್ ಆಯಿತು.

ದೊಡ್ಡಪ್ಪ ಎದ್ದರು. "ಹೂಂ. ನಡೀರಿ."

"ಹತ್ತು ನಿಮಿಷ, ದೊಡ್ಡಪ್ಪ."

"ಮಾತು ಮಾತೇ ಮಗಳೇ." ಅವರ ದನಿ ಒರಟಾಗಿರಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಬೇಕರಿಯವನು ಕೊನೆಯ ಆಟದ ದಿನದಿಂದ ಅಲ್ಲೇ ಉಳಿದಿದ್ದ ತನ್ನ ಕಾಡಿನ ಚೌಕವನ್ನು ತಾನೇ ಬಿಚ್ಚಿಕೊಂಡು ಎದೆಗಪ್ಪಿಕೊಂಡ. ದೊಡ್ಡಪ್ಪ ಬೆಟ್ಟದ ಚೌಕ ತೆಗೆದು ಹೊರಗಿನ ಕುರ್ಚಿಯ ಮೇಲಿಟ್ಟರು. ಮುಂದಿನದು ಖಾಲಿ ಜಾಗದ ಪಕ್ಕದ್ದು. ಮಗಳು ಅದರ ಮೇಲೆ ಎರಡೂ ಅಂಗೈ ಇಟ್ಟು ನಿಂತಳು.

"ಕೈ ತೆಗಿ."

ಹೊರಗೆ ಲಿಫ್ಟು ನಿಂತಿತು. ಬಾಗಿಲು ಸರಿಯಿತು. ಹೆಜ್ಜೆ ಸದ್ದು ಕೇಳಲಿಲ್ಲ. ಲಿಫ್ಟಿನ ಒಳಗಿದ್ದವರು ಹೊರಬರಲು ಹೊತ್ತು ತೆಗೆದುಕೊಳ್ಳುತ್ತಿದ್ದರು.

ತಾಯಿ ಎದ್ದು ಬಾಗಿಲಿಗೆ ನಡೆದರು.

ಮಾಸ್ಟ್ರು ತುಂಬ ಸಣ್ಣಗಾಗಿದ್ದರು. ಕಂಕುಳಲ್ಲಿ ಹಾಸಿಗೆಬಟ್ಟೆಯಲ್ಲಿ ಸುತ್ತಿದ ಚೌಕ. ಹೊಸ್ತಿಲಿನ ಹೊರಗೇ ನಿಂತರು. ತಾಯಿ ಒಳಗೆ, ಬಾಗಿಲಿಗೆ ಅಡ್ಡ. ಹಿಂದೆ ಆಕೆಯನ್ನು ತಂಗೀ ಎಂದು ಕರೆಯುತ್ತಿದ್ದವರು ಈಗ ಹಾಗೆ ಕರೆಯದೆ ತಲೆ ತಗ್ಗಿಸಿದರು.

"ಇವರು ಮೂರು ಸಲ ನಿಮ್ಮನೆಗೆ ಬಂದಿದ್ರು" ಎಂದರು ತಾಯಿ.

"ಗೊತ್ತು. ಒಳಗೇ ಇದ್ದೆ."

"ಒಳಗೇ ಇದ್ರಿ!"

"ಬಾಗಿಲಿಗೆ ಒರಗಿಕೊಂಡು ಕೂತಿದ್ದೆ. ಅವನು ಆಚೆಯಿಂದ ಮಾತಾಡ್ತಾನೇ ಇದ್ದ. ಮಳೆ ಬರ್ತಿಲ್ಲ, ಬೇಕರಿಯವನು ಸೋತ, ನಿನ್ನೆ ಯಾವುದೋ ಲಿಫ್ಟಿನ ಹಗ್ಗ ಬದಲಾಯಿಸಿದೆ. ಹಾಗೇ." ಮಾಸ್ಟ್ರು ಉಸಿರು ತೆಗೆದುಕೊಂಡರು. "ನಾನು ತೆಗೀಲಿಲ್ಲ."

ಹಾರ್ನ್ ಮತ್ತೆ ಆಯಿತು.

"ನಾನು ಎಷ್ಟು ಹೊತ್ತು ನಿಲ್ಲಬೇಕು ಅಂದ್ರೆ ಅಷ್ಟು ಹೊತ್ತು ನಿಂತಿರ್ತೀನಿ ಅಮ್ಮಾ. ಒಳಗೆ ಕರೀಬೇಡಿ. ಇದನ್ನೊಂದು ಅಲ್ಲಿ ಇಟ್ಟುಬಿಡಿ."

ಅವರು ಗಂಟನ್ನು ಮುಂದೆ ಚಾಚಿದರು. ಕೈ ನಡುಗುತ್ತಿತ್ತು. ತಾಯಿ ಅದನ್ನು ತೆಗೆದುಕೊಳ್ಳಲಿಲ್ಲ. ಆ ಕೈಯನ್ನೇ ನೋಡುತ್ತ ನಿಂತರು. ಹಾಸಿಗೆಬಟ್ಟೆ ಇನ್ನೇನು ಜಾರುವಂತಿತ್ತು.

"ಬೀಳಿಸ್ತೀರ" ಎಂದರು. ಆಮೇಲೆ ಬಾಗಿಲಿನಿಂದ ಪಕ್ಕಕ್ಕೆ ಸರಿದು, "ನೀವೇ ಇಡಿ. ನಂಗೆ ಅದೆಲ್ಲ ಗೊತ್ತಾಗಲ್ಲ" ಎಂದರು.

ಮಾಸ್ಟ್ರು ಮೊದಲು ಮೇಜಿನ ಕಡೆ ಹೋಗಲಿಲ್ಲ. ಮಂಚದ ಬಳಿ ನಿಂತು ಸ್ನೇಹಿತನ ಮುಖ ನೋಡಿದರು. ಸುಕ್ಕುಗಟ್ಟಿದ್ದ ಹೊದಿಕೆಯ ಅಂಚನ್ನು ಎಳೆದು ನೇರ ಮಾಡಿದರು. ಆಮೇಲೆ ಗಂಟು ಬಿಚ್ಚಿದರು. ಪುಟ್ಟ ಮನೆ, ದಾರ, ಅಂಗಳ. ಅಂಚಿನಲ್ಲಿ ಗರಗಸದ ನೇರ ಗಾಯದಂತೆ ಕೊನೆಗೊಂಡ ಗಿಳಿಹಸಿರು ಗೇಟಿನ ಅರ್ಧ.

ಚೌಕವನ್ನು ಖಾಲಿ ಜಾಗಕ್ಕೆ ಇಳಿಸಿ ಮೆಲ್ಲಗೆ ತಳ್ಳಿದರು. ಮಗಳು ಪಕ್ಕದ ಚೌಕದ ಮೇಲಿಂದ ಕೈ ತೆಗೆದಳು.

"ಅಯ್ಯೋ" ಎಂದ ಬೇಕರಿಯವನು.

ಬೆಳಿಗ್ಗೆ ದೊಡ್ಡಪ್ಪನ ಕೈಗೆ ಚುಚ್ಚಿದ್ದ ಹಸಿರು ಚೂರು, ಅಂಚಿನಲ್ಲಿ ಏನೂ ಇರಬಾರದೆಂದವರು ಅಂಚಿನ ಮೇಲೇ ಅಂಟಿಸಿದ್ದ ಚೂರು, ಈಗ ಗೇಟಿನ ಇನ್ನರ್ಧವಾಗಿ ನಿಂತಿತ್ತು. ಹೊಸದಾಗಿ ಮಾಡಿದ್ದಲ್ಲ. ಅದೇ ಗಿಳಿಹಸಿರು, ಅದೇ ಉಗುರು ಬಣ್ಣದ ಹೊಳಪು.

ತಾಯಿ ಬಾಯಿಗೆ ಸೆರಗು ಒತ್ತಿಕೊಂಡರು. "ಸಿಕ್ಕಿತ್ತು" ಎಂದರು, ಯಾರಿಗೂ ಅಲ್ಲ. "ಸಿಕ್ಕಿತ್ತು ಅವರಿಗೆ. ಜೇಬಲ್ಲಿ ಇಟ್ಕೊಂಡೇ ಹೋಗ್ತಿದ್ರು."

ಮಾಸ್ಟ್ರು ಬಗ್ಗಿದರು. ಎರಡು ಅರ್ಧಗಳ ನಡುವೆ ಬೆರಳ ತುದಿಯಿಟ್ಟು ನೋಡಿದರು. ಅವರ ಚೌಕ ಒಂದು ಎಳೆಯಷ್ಟು ತಗ್ಗಿತ್ತು. ಅಳೆಯಲು ಎದುರಿನ ಅರ್ಧ ಇಲ್ಲದೆ, ಲಿಫ್ಟಣ್ಣ ಚೂರನ್ನು ಬರಿಯ ನೆನಪಿನಲ್ಲಿ ಅಂಟಿಸಿದ್ದರು.

ಮೆಟ್ಟಿಲಲ್ಲಿ ಗಾಡಿಯವನು ಕೂಗಿದ, "ಸಾರ್, ತಡ ಆಗುತ್ತೆ."

"ಸ್ವಲ್ಪ ತಡೀಪ್ಪ" ಎಂದರು ದೊಡ್ಡಪ್ಪ. ಬಾಗಿಲ ಹತ್ತಿರ ಹೋಗಿ ಅವನಿಗೆ ಅಡ್ಡ ನಿಂತರು.

ತಾಯಿ ಕಿಟಕಿಯ ಕಟ್ಟೆಯ ಮೇಲಿದ್ದ ಮಾತ್ರೆಯ ಪೆಟ್ಟಿಗೆಯಿಂದ ಒಂದು ಚೂರು ರಟ್ಟು ಹರಿದು ಎರಡಾಗಿ ಮಡಿಸಿದರು. ಮೇಜಿನ ಮುಂದೆ ಮಂಡಿಯೂರಿದರು. ಒಂದು ಕಣ್ಣು ಮುಚ್ಚಿ, ತಲೆಯನ್ನು ಮೇಜಿನ ಮಟ್ಟಕ್ಕೆ ತಂದರು.

"ಸ್ವಲ್ಪ ಎತ್ತಿ ಹಿಡೀರಿ ಮಾಸ್ಟ್ರೇ" ಎಂದರು. "ಇನ್ನೊಂದು ಚೂರು. ಸಾಕು."

ರಟ್ಟು ಒಳಗೆ ಹೋಯಿತು. ಆಕೆ ಹಾಗೇ ನೋಡುತ್ತಿದ್ದರು. ನಡುಗದ ಕೈಯೊಂದು ಯಾವುದೋ ಬೆಳಿಗ್ಗೆ ಎಳೆದಿದ್ದ ಕುಂಚದ ಗೆರೆ, ಈ ಚೌಕದಿಂದ ಆ ಚೌಕಕ್ಕೆ, ಎಲ್ಲೂ ಎಡವದೆ ದಾಟಿಹೋಗಿತ್ತು.